ಬದುಕಿದ್ದೇ ಹೆಚ್ಚು

ನೋಡಲು ಬಂದವರೆಲ್ಲ ಟೈಲರಮ್ಮನ ತಲೆ ಸವರಿ ಹೇಳುವುದು ಒಂದೇ ಮಾತು: "ನೀನು ಬದುಕಿದ್ದೇ ಹೆಚ್ಚು." ಹೆರಿಗೆಯಾದ ಮೇಲೆ ರಕ್ತ ನಿಲ್ಲದೆ, ಗರ್ಭಕೋಶವನ್ನೇ ತೆಗೆಸಿಕೊಂಡು, ದಿನಗಟ್ಟಲೆ ಎಚ್ಚರವಿಲ್ಲದೆ ಬಿದ್ದಿದ್ದವಳು ಅವಳು. ಆದರೆ ಆ ಕತೆ ಹೇಳುವ ಹಕ್ಕು ಮಾತ್ರ ಅತ್ತೆಯದು. "ನಾವಂತೂ ಆಸೆನೇ ಬಿಟ್ಟಿದ್ವಿ ಕಣ್ರೀ," ಎಂದು ಅತ್ತೆ ಕಣ್ಣೊರೆಸಿಕೊಂಡರೆ, ಬಂದವರು ಅತ್ತೆಯನ್ನೇ ಸಮಾಧಾನ ಮಾಡಿ, ಕಾಫಿ ಕುಡಿದು ಹೊರಡುತ್ತಿದ್ದರು. ಸತ್ತು ಬದುಕಿದವಳು ಲೋಟ ತೊಳೆಯುತ್ತಿದ್ದಳು.

ಅವಳಿಗೆ ಬೇಕಾಗಿದ್ದೇ ಬೇರೆ. 'ನಿನ್ನ ದಾರಿ ಕಾಯ್ತಿದ್ವಿ' ಎಂದು ಯಾರಾದರೊಬ್ಬರು ಅನ್ನಬೇಕಿತ್ತು. ಗಂಡನಾದರೂ ಅಂದಾನು ಎಂದುಕೊಂಡಳು. ಅವನೋ ಮಗುವಿನ ಮುಖ ನೋಡಿ ನಗುತ್ತಿದ್ದ, ಇವಳ ಮುಖ ಕಂಡರೆ ಏನೋ ಕೆಲಸ ನೆನಪಾದವನಂತೆ ಜಾರಿಕೊಳ್ಳುತ್ತಿದ್ದ. ಹೊಟ್ಟೆಯ ಮೇಲಿನ ಗಾಯ ಮಾಯಿತು, ಹೆದರಿಕೆ ಮಾಯಲಿಲ್ಲ. ಕಣ್ಣು ಮುಚ್ಚಿದರೆ ಮತ್ತೆ ತೆರೆಯುತ್ತೇನೋ ಇಲ್ಲವೋ ಎಂದು ಮಧ್ಯಾಹ್ನದ ಜೊಂಪಿಗೂ ಅಂಜುತ್ತಿದ್ದಳು. ಹೇಳಲು ಬಾಯಿ ತೆರೆದರೆ, "ಬದುಕಿದೀಯಲ್ಲ, ಇನ್ನೇನು ಬೇಕು?" ಎಂದು ಅಲ್ಲಿಗೇ ಮುಚ್ಚಿಸುತ್ತಿದ್ದರು.

ಮಗುವಿಗೆ ಚುಚ್ಚುಮದ್ದು ಹಾಕಿಸಲು ಹೊರಟ ದಿನ, ತುಂಬು ಬಸುರಿಯಾಗಿದ್ದಾಗ ಹೆರಿಗೆಯಾದ ಮೇಲೆ ತಾನು ಹಾಕಿಕೊಳ್ಳಲೆಂದು ಆಸೆಪಟ್ಟು ಹೊಲಿದಿಟ್ಟಿದ್ದ ಹಸಿರು ಅಂಗಿಯನ್ನು ಬೀರುವಿನಿಂದ ತೆಗೆದಳು. ತೋಳು ಮೊಣಕೈ ದಾಟಲಿಲ್ಲ. ಮೈ ಊದಿದೆ, ಹೊಲಿಗೆ ಬಿಚ್ಚಿ ಸಡಿಲ ಮಾಡಿದರಾಯಿತು ಎಂದು ಅಂಗಿಯನ್ನು ಒಳಮಗ್ಗುಲಿಗೆ ತಿರುಗಿಸಿದಳು. ಹೊಲಿಗೆ ಅವಳದ್ದಾಗಿರಲಿಲ್ಲ.

ಹೊಲಿಗೆಯ ಒಳಗೆ ಎರಡು ಬೆರಳು ಬಟ್ಟೆ ಉಳಿಸುವುದು ಅವಳ ಪದ್ಧತಿ. ಅದನ್ನು ಅವಳು ಕರೆಯುತ್ತಿದ್ದುದೇ 'ಹೆಚ್ಚು' ಎಂದು. "ಹೆಚ್ಚು ಬಿಡೇ, ಇವತ್ತಿನ ಮೈ ನಾಳೆ ಇರಲ್ಲ," ಎಂದು ಓರಗಿತ್ತಿಗೆ ಕೆಲಸ ಕಲಿಸುವಾಗ ಗಿಣಿಗೆ ಹೇಳಿದ ಹಾಗೆ ಹೇಳಿದ್ದಳು. ಹೆಚ್ಚು ಇದ್ದರೆ ಚಿಕ್ಕದು ಮಾಡಿದ ಅಂಗಿಯನ್ನು ಮತ್ತೆ ದೊಡ್ಡದು ಮಾಡಬಹುದು. ಈಗ ಅಂಗಿ ಓರಗಿತ್ತಿಯ ಸಣಕಲು ಮೈಯ ಅಳತೆಗೆ ಇಳಿದಿತ್ತು, ಎರಡೂ ಮಗ್ಗುಲಿನ ಹೆಚ್ಚನ್ನು ಹೊಲಿಗೆಯ ಬುಡಕ್ಕೇ ಕತ್ತರಿಸಿ ಹಾಕಲಾಗಿತ್ತು. ವಾಪಸು ಕೊಡಬೇಕಾದ ಬಟ್ಟೆಯನ್ನು ಯಾರೂ ಹಾಗೆ ಕತ್ತರಿಸುವುದಿಲ್ಲ.

ಅಂಗಿ ಹಿಡಿದು ನಡುಮನೆಗೆ ಬಂದಳು. ಓರಗಿತ್ತಿಯ ಮುಖ ಬಿಳಿಚಿಕೊಂಡಿತು.

"ಒಂದ್ಸಲಾನೂ ಹಾಕ್ಕೊಂಡಿಲ್ಲ ಅಕ್ಕಾ, ಆಣೆಗೂ. ನೀವು ಆಸ್ಪತ್ರೆಯಿಂದ ವಾಪಸ್ ಬರ್ತೀರ ಅಂತ ಗೊತ್ತಾದ ತಕ್ಷಣ ಮಡಚಿ ಇಟ್ಬಿಟ್ಟೆ."

"ಚಿಕ್ಕದು ಮಾಡಿದ್ದು ಇರಲಿ. ಹೆಚ್ಚು ಯಾಕೆ ಕತ್ತರಿಸಿದೆ?"

ಓರಗಿತ್ತಿ ತಲೆ ತಗ್ಗಿಸಿದಳು. "ಭಾವನೇ ಅಂಗಿ ತಂದುಕೊಟ್ರು. ಹೆಚ್ಚು ಹಾಗೇ ಇರಲಿ ಅಂದೆ. ಇನ್ನು ಯಾರಿಗೆ ಬೇಕು, ಕತ್ತರಿಸಿ ಹಾಕು ಅಂದ್ರು."

ಚಪ್ಪಲಿ ಮೆಟ್ಟುತ್ತಿದ್ದ ಗಂಡ ಬಗ್ಗಿದಲ್ಲಿಂದಲೇ ಅಂದ, "ಡಾಕ್ಟರೇ ಕೈಚೆಲ್ಲಿದ್ರು. ನಾನೇನು ಮಾಡ್ಲಿ?"

"ಕೈಚೆಲ್ಲಿದ್ದು ಅವರು. ಕತ್ತರಿಸು ಅಂದಿದ್ದು ನೀವು. ನಾನಿನ್ನೂ ಉಸಿರಾಡ್ತಾ ಇದ್ದೆ ಕಣ್ರೀ."

ಆಸ್ಪತ್ರೆಯಲ್ಲಿ ತೆಗೆದದ್ದು ಅವಳನ್ನು ಉಳಿಸಲು. ಮನೆಯಲ್ಲಿ ತೆಗೆದದ್ದು?

ಅತ್ತೆ ಅಡುಗೆಮನೆಯಿಂದ ಈಚೆ ಬಂದರು. "ಒಂದು ಅಂಗಿಗೆ ಇಷ್ಟು ರಂಪಾನಾ? ನೀನು ಬದುಕಿದ್ದೇ ಹೆಚ್ಚು ಅಂತ ನಾವು..."

"ಹೌದತ್ತೆ," ಎಂದಳು. "ಈ ಮನೆಗೆ ನಾನು ಬದುಕಿದ್ದು ಹೆಚ್ಚೇ ಆಯ್ತು."

ಛೇ, ಬಿಡ್ತು ಅನ್ನು ಎಂದು ಒಬ್ಬರಾದರೂ ಗದರಲಿ ಎಂದು ಕಾದಳು. ಓರಗಿತ್ತಿ ನೆಲ ನೋಡಿದಳು. ಗಂಡ ಚಪ್ಪಲಿಯ ಪಟ್ಟಿ ಬಿಗಿಮಾಡಿಕೊಂಡ.

"ಮಗೂಗೆ ಹಾಲು ಕುಡಿಸಿದ್ಯಾ?" ಎಂದರು ಅತ್ತೆ.