ಯಾರದಮ್ಮ ಈ ಮಗು?

ಮಕ್ಕಳು ಉಳಿಯದ ಮನೆಗೆ ನಮ್ಮ ಸೀಮೆಯಲ್ಲಿ ಹಿರಿಯರು ಒಂದು ಉಪಾಯ ಹೇಳಿಕೊಟ್ಟು ಹೋಗಿದ್ದಾರೆ. ಹುಟ್ಟಿದ ಕೂಸನ್ನು ಮೊರದಲ್ಲಿ ಮಲಗಿಸಿ, ಹೊತ್ತು ಮೂಡುವಾಗ ಹಿತ್ತಿಲ ತಿಪ್ಪೆಯ ಮೇಲಿಟ್ಟು ಬರಬೇಕು. ಹೊರಗಿನ ಹೆಂಗಸೊಬ್ಬಳು ಏನೂ ಅರಿಯದವಳ ಹಾಗೆ ಆ ದಾರಿಯಲ್ಲಿ ಬಂದು, ಕೂಸನ್ನು ಎತ್ತಿಕೊಂಡು, ಬಾಗಿಲಿಗೆ ಬಂದು ಕೇಳುತ್ತಾಳೆ: “ಯಾರದಮ್ಮ ಈ ಮಗು?” ಹೆತ್ತವಳು ಹೊಸ್ತಿಲೊಳಗೆ ನಿಂತು “ನಂದಲ್ಲ” ಅನ್ನಬೇಕು. ಮೂರು ಸಲ. ಆಮೇಲೆ ಒಂದು ಮೊರ ತೌಡು ಕೊಟ್ಟು ಕೂಸನ್ನು ಕೊಂಡುಕೊಳ್ಳಬೇಕು. ಹಾಗೆ ಕೊಂಡ ಮಗು ತಿಪ್ಪಯ್ಯನೋ ತಿಪ್ಪಮ್ಮನೋ ಆಗುತ್ತದೆ. ಜೀವ ಕರೆದೊಯ್ಯಲು ಬಂದವನು ಬಾಗಿಲಲ್ಲಿ ನಿಂತು, ಇದು ಯಾರಿಗೂ ಬೇಡದ ಮಗು, ಇದನ್ನು ಒಯ್ದರೆ ಅಳುವವರಿಲ್ಲ ಎಂದುಕೊಂಡು ಹಿಂದಿರುಗುತ್ತಾನಂತೆ. ಇದು ಸುಳ್ಳೆಂದು ದೇವರಿಗೆ ಗೊತ್ತಿಲ್ಲವೇ? ಗೊತ್ತಿರುತ್ತದೆ. ತಾಯಿಯ ಸುಳ್ಳಲ್ಲವೇ ಎಂದು ಸುಮ್ಮನಿರುತ್ತಾನೆ.

ಲಕ್ಕೂರಿನ ಕಡೆಯ ಒಂದು ಹಳ್ಳಿಯಲ್ಲಿ ರಾಧಾ ಈ ಸುಳ್ಳು ಹೇಳಿದಳು. ಅವಳ ಗಂಡ ಸುರೇಶ್ ಮಾಲೂರಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಮೊದಲನೆಯ ಗಂಡುಮಗು ಒಂಬತ್ತು ದಿನ ಇತ್ತು. ಎರಡನೆಯದು ಮೂರು ತಿಂಗಳು. ಅದು ಅಮ್ಮನ ದನಿ ಬಂದ ಕಡೆಗೆ ಮುಖ ತಿರುಗಿಸುವುದನ್ನು ಕಲಿತ ವಾರವೇ ಹೋಯಿತು. ಮೂರನೆಯದು ಹೆಣ್ಣು ಹುಟ್ಟಿದಾಗ ಅತ್ತೆ ಮುನಿಯಲ್ಲಮ್ಮ ಸೊಸೆಯನ್ನು ಕೇಳಲಿಲ್ಲ. ಹನ್ನೊಂದನೆಯ ದಿನ ಕೂಸನ್ನು ಮೊರದಲ್ಲಿಟ್ಟುಕೊಂಡು ಹಿತ್ತಿಲಿಗೆ ಹೋದಳು. ಪಕ್ಕದ ಬೀದಿಯ ಆವಲಮ್ಮ ಎತ್ತಿಕೊಂಡು ಬಂದು ಕೇಳಿದಳು. ರಾಧಾ “ನಂದಲ್ಲ” ಎಂದಳು. ಮೂರನೆಯ ಸಲ ಹೇಳುವಾಗ ಎದೆಹಾಲು ಜಿನುಗಿ ಕುಪ್ಪಸ ಒದ್ದೆಯಾಗಿತ್ತು.

ಮುನಿಯಲ್ಲಮ್ಮ ಅಷ್ಟಕ್ಕೇ ಬಿಡಲಿಲ್ಲ. ಊರ ಗಂಗಮ್ಮನ ಮುಂದೆ ಹರಕೆ ಕಟ್ಟಿದಳು: ಒಂಬತ್ತು ವರ್ಷ ತುಂಬಿದ ಮೇಲೆ ಮಗುವಿನ ಮುಡಿ ಕೊಡುತ್ತೇವೆ, ಅಲ್ಲಿಯವರೆಗೆ ಯಾರು ಕೇಳಿದರೂ ಹೆತ್ತವಳ ಬಾಯಲ್ಲಿ ‘ನನ್ನ ಮಗಳು’ ಎಂಬ ಮಾತು ಬರುವುದಿಲ್ಲ.

ಮಗು ಉಳಿಯಿತು. ರಾಧಾ ಅದಕ್ಕೆ ಅರ್ಪಿತ ಎಂದು ಹೆಸರಿಟ್ಟಳು. ಆ ಹೆಸರು ಅಂಗನವಾಡಿಯ ಪುಸ್ತಕದಲ್ಲಿ ಉಳಿಯಿತು, ಊರಿನ ಬಾಯಲ್ಲಿ ಮಾತ್ರ ಅವಳು ತಿಪ್ಪಿ. “ತಿಪ್ಪೀ, ಬಾರೇ, ಕಡ್ಲೆಕಾಯಿ ತಗೋ.” “ತಿಪ್ಪಿ ಎಷ್ಟು ಉದ್ದ ಆದ್ಳು ನೋಡ್ರೀ.” ಆ ಕರೆಯಲ್ಲಿ ಪ್ರೀತಿಯೇ ಇತ್ತು. ಗೊಬ್ಬರವಿಲ್ಲದೆ ರಾಗಿ ಇಲ್ಲ, ಹಿಪ್ಪುನೇರಳೆ ಇಲ್ಲ. ತಿಪ್ಪೆಯೆಂದರೆ ಅವರಿಗೆ ಲಕ್ಷ್ಮಿ. ದೀಪಾವಳಿಯಲ್ಲಿ ಅದರ ಮೇಲೂ ಒಂದು ದೀಪ ಇಡುವವರು ಅವರು.

ಮಗುವಿಗೂ ಮೊದಮೊದಲು ಅದು ಆಟವಾಗಿತ್ತು. ಬಸ್ಸಿನಲ್ಲಿ ಯಾರಾದರೂ “ನಿಮ್ಮ ಮಗಳಾಮ್ಮ?” ಎಂದು ಕೇಳಿದರೆ, ರಾಧಾ ತುಟಿ ಬಿಚ್ಚುವ ಮೊದಲೇ ತಾನೇ ಕುಣಿದು “ಅಲ್ಲ, ತಿಪ್ಪೇದು!” ಎನ್ನುತ್ತಿತ್ತು. ಕೇಳಿದವರು ನಗುತ್ತಿದ್ದರು, ರಾಧಾಳೂ ನಗುತ್ತಿದ್ದಳು. ನಗುತ್ತಾ ಮಗುವಿನ ಬೆನ್ನಿನ ಮೇಲೆ ಕೈಯಿಟ್ಟು ಉಸಿರು ಸರಿಯಾಗಿದೆಯೇ ಎಂದು ನೋಡಿಕೊಳ್ಳುತ್ತಿದ್ದಳು.

ಆರು ತುಂಬಿದ ಮೇಲೆ ಸುರೇಶ್ ಅವಳನ್ನು ಇಂಗ್ಲಿಷ್ ಸ್ಕೂಲಿಗೆ ಸೇರಿಸಿದ. ಊರಬಾಗಿಲಿಗೆ ಹಳದಿ ವ್ಯಾನು ಬರುತ್ತಿತ್ತು. ಆವಲಮ್ಮನ ಮೊಮ್ಮಗಳು ಅಂಜಿ ಅದೇ ವ್ಯಾನಿನಲ್ಲಿ ಹೋಗುತ್ತಿದ್ದಳು. ಮೊದಲ ದಿನ ಅವಳೇ ಜಾಗ ಹಿಡಿದು “ತಿಪ್ಪೀ, ಇಲ್ಲಿ ಬಾರೇ!” ಎಂದು ಕರೆದಳು. ವ್ಯಾನಿನಲ್ಲಿದ್ದ ಬೇರೆ ಊರಿನ, ಲೇಔಟಿನ ಮಕ್ಕಳಿಗೆ ತಿಪ್ಪೆಯೆಂದರೆ ಲಕ್ಷ್ಮಿಯಲ್ಲ. ಒಬ್ಬಳು ಮೂಗು ಹಿಡಿದುಕೊಂಡಳು. ಮರುದಿನ ವ್ಯಾನಿನ ತುಂಬ ಮೂಗು ಹಿಡಿದ ಕೈಗಳು.

ಇದು ಎರಡು ವರ್ಷ ನಡೆಯಿತು. ಮಗು ಹೇಳಲಿಲ್ಲ, ರಾಧಾಳಿಗೆ ಗೊತ್ತಾಗಲಿಲ್ಲ. ಸೋಪು ಬೇಗ ಸವೆಯುತ್ತಿದೆ ಎಂಬುದಷ್ಟೇ ಗೊತ್ತಾಯಿತು. ಒಂದು ಸಂಜೆ ಬಚ್ಚಲಿಗೆ ಹೋಗಿ ನೋಡಿದರೆ ಅರ್ಪಿತ ತೆಂಗಿನ ನಾರಿನಿಂದ ಮೊಣಕೈ ಉಜ್ಜಿಕೊಳ್ಳುತ್ತಿದ್ದಳು. ಚರ್ಮ ಕೆಂಪಾಗಿತ್ತು.

“ಏನೇ ಇದು? ಬೆಳಗ್ಗೆ ತಾನೆ ನೀರ್ ಹಾಕ್ದೆ?”

ಮಗು ಕೈ ಚಾಚಿತು. “ಅಮ್ಮ, ಮೂಸ್ನೋಡು. ಇನ್ನೂ ಬರ್ತದಾ?”

ರಾಧಾ ಆ ಪುಟ್ಟ ಕೈಯನ್ನು ಮೂಗಿಗೆ ಹಿಡಿದಳು. ಸೋಪಿನ ವಾಸನೆ. ಅದರಡಿಯಲ್ಲಿ, ಹುಟ್ಟಿದಾಗಿನಿಂದ ಅವಳಿಗೆ ಪರಿಚಯವಿದ್ದ, ಬಿಸಿಲಿಗೆ ಕಾದ ಅಕ್ಕಿಯಂಥ ವಾಸನೆ. “ಏನೂ ಇಲ್ಲ ಕಣೇ, ಬಂಗಾರ,” ಎಂದಳು. ಮಗು ನಂಬದೆ ಮತ್ತೆ ನಾರು ಕೈಗೆತ್ತಿಕೊಂಡಿತು. ಆ ರಾತ್ರಿ ಪಕ್ಕದಲ್ಲಿ ಮಲಗಿಸಿಕೊಂಡು ಕೇಳಿದಾಗ ವ್ಯಾನಿನ ಮಾತು ಹೊರಬಿತ್ತು.

ಮರುದಿನ ರಾಧಾ ಮೊದಲು ಆವಲಮ್ಮನ ಮನೆಗೆ ಹೋದಳು.

“ಅವ್ವ, ಅಂಜಿಗೆ ಒಂದು ಮಾತು ಹೇಳು. ವ್ಯಾನಲ್ಲಿ ನಮ್ಮ ಪಾಪನ ಹಂಗೆ ಕರೀಬೇಡ ಅನ್ನು.”

“ಇನ್ನೇನಂತ ಕರೀಬೇಕಮ್ಮ?” ಆವಲಮ್ಮನಿಗೆ ನಿಜಕ್ಕೂ ಅರ್ಥವಾಗಲಿಲ್ಲ. “ಅದನ್ನ ಎತ್ಕೊಂಡ ಕೈ ನಂದು. ಇವತ್ತಿಗೂ ಅದರ ದನಿ ಕೇಳಿದ್ರೆ ಈ ಕೈ ಬೆಚ್ಚಗಾಗ್ತದೆ. ಹೆಸರಲ್ಲೇನೈತೆ ಕೆಟ್ಟದ್ದು?”

“ನಿನಗಿಲ್ಲ ಅವ್ವ. ಅದಕ್ಕೈತೆ.”

ಅಲ್ಲಿಂದ ಹಾಲಿನ ಡೈರಿಗೆ ಬಂದಳು. ಹಾಲು ಅಳೆಸಲು ನಿಂತವರ ಸಾಲಿನಲ್ಲಿ ಮುದುಕ ಗಂಗುಲಪ್ಪ ಇದ್ದ.

“ಏಮ್ಮಾ ರಾಧಮ್ಮ, ತಿಪ್ಪಿ ಸ್ಕೂಲಿಗೆ ಹೋದ್ಳಾ?”

“ಗಂಗುಲಪ್ಪಣ್ಣ, ಕೈ ಮುಗೀತೀನಿ. ಅವಳ ಹೆಸರು ಅರ್ಪಿತ. ಹಂಗೇ ಕರೀರಿ. ಎಲ್ಲಾರಿಗೂ ಹೇಳ್ತಿದೀನಿ.”

ಗಂಗುಲಪ್ಪ ಬಾಯಲ್ಲಿ ಆ ಹೆಸರನ್ನು ಹೊರಳಿಸಿ ನೋಡಿದ. “ಅರ್ಪೀತ... ಅಪ್ಪೀತ... ಇರೋದೇ ನಾಕು ಹಲ್ಲು ತಾಯಿ, ಸಂದೀಲಿ ಜಾರೋಗ್ತದೆ. ನನ್ನೇ ನೋಡು. ಹುಟ್ಟಿದಾಗಿಂದ ಸೊಟ್ಟ ಅಂತಾರೆ. ಗಂಗುಲಪ್ಪ ಅನ್ನೋದು ವೋಟರ್ ಲಿಸ್ಟಲ್ಲಿ ಮಾತ್ರ. ಏನಾಯ್ತು, ಸತ್ತೋದ್ನಾ?”

“ಸೊಟ್ಟ ನೆಟ್ಟಗಾದ್ರೆ ಊರಿಗೆ ಮಳೆ ಬರಲ್ಲ ಬಿಡು!” ಎಂದರು ಹಿಂದೆ ನಿಂತವರು. ಎಲ್ಲರೂ ನಕ್ಕರು.

ನಕ್ಕವರಲ್ಲಿ ಕೆಟ್ಟವರು ಒಬ್ಬರೂ ಇರಲಿಲ್ಲ. ಅದೇ ಕಷ್ಟವಾಯಿತು. ಕೆಟ್ಟವರಾಗಿದ್ದರೆ ಜಗಳ ಆಡಿ ಮನಸ್ಸು ಹಗುರ ಮಾಡಿಕೊಳ್ಳಬಹುದಿತ್ತು. ಮರುದಿನದಿಂದ ಕೆಲವರು ‘ಅರ್ಪಿತ ಅನ್ನೋ ತಿಪ್ಪಿ’ ಎಂದು ಕರೆಯತೊಡಗಿದರು. ಬಿಡಿಸಲು ಹೋದ ಹೆಸರು ಇನ್ನೊಂದು ಸುತ್ತು ಬಿಗಿಯಾಯಿತು.

ಸುದ್ದಿ ಮುನಿಯಲ್ಲಮ್ಮನ ಕಿವಿಗೆ ಬಿತ್ತು. ಅವಳು ಕೂಗಾಡುವ ಹೆಂಗಸಲ್ಲ. ಒಲೆಯ ಮುಂದೆ ಕೂತು, ಬೆಂಕಿಯನ್ನು ನೋಡುತ್ತಾ ಹೇಳಿದಳು: “ಡೈರಿ ಮುಂದೆ ನಿಂತು ಹೆಸರು ಬೇಡ ಅಂದ್ಯಂತೆ.”

“ಮಗು ನೊಂದ್ಕೊಂತದೆ ಅತ್ತೆ. ಮೈ ಚರ್ಮ ಕಿತ್ಕೊಂತದೆ.”

“ಚರ್ಮ ಬರ್ತದೆ. ಹೆಸರು ದೊಡ್ಡದೋ ಉಸಿರು ದೊಡ್ಡದೋ? ಎರಡು ಸಲ ನಾನು ಮಡಿಲಲ್ಲಿ ಇಟ್ಕೊಂಡು ಕಳಿಸಿದೀನಿ. ಬಿಸಿ ಇದ್ದದ್ದು ತಣ್ಣಗಾಗೋದು ಈ ತೊಡೆಗೆ ಗೊತ್ತು. ಇನ್ನು ಎಂಟು ತಿಂಗಳು ಕಣಮ್ಮ. ನಿನ್ನ ಕಾಲು ಹಿಡೀತೀನಿ.”

ಅತ್ತೆ ನಿಜಕ್ಕೂ ಬಾಗಿದಳು. ರಾಧಾ ಅವಳ ಕೈ ಹಿಡಿದುಕೊಂಡಳು. ಇಬ್ಬರೂ ಮತ್ತೆ ಆ ಮಾತೆತ್ತಲಿಲ್ಲ. ಎಂಟು ತಿಂಗಳು ತಾನೇ ಎಂದು ರಾಧಾ ಮನಸ್ಸಿಗೆ ಹೇಳಿಕೊಂಡಳು. ದೊಡ್ಡವರಿಗೆ ಎಂಟು ತಿಂಗಳು ಎಂದರೆ ಒಂದು ರಾಗಿಯ ಬೆಳೆ, ಎರಡು ಹಬ್ಬ. ಎಂಟು ವರ್ಷದ ಮಗುವಿಗೆ ಎಷ್ಟು ಎಂದು ಅವಳು ಯೋಚಿಸಲಿಲ್ಲ. ಯೋಚಿಸಲು ಹೆದರಿದಳು ಅಂದರೂ ಸರಿಯೇ.

ಮಳೆಗಾಲದ ಕೊನೆಗೆ ಅರ್ಪಿತಳಿಗೆ ಜ್ವರ ಬಂತು. ಮೂರನೆಯ ದಿನ ಮೈಮೇಲೆ ಕೆಂಪು ಚುಕ್ಕೆಗಳೆದ್ದವು. ಡೆಂಗಿ ಎಂದರು. ಮಾಲೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ಮಲಗಿಸಿದರು. ಸುರೇಶ್ ಔಷಧಿ ತರಲು ಕೆಳಗೆ ಹೋದಾಗ ಶೋಭಾರಾಣಿ ಎಂಬ ನರ್ಸು ಕಾಗದ ಹಿಡಿದು ಬಂದಳು.

“ಅಮ್ಮ, ಇಲ್ಲಿ ಸೈನ್ ಹಾಕಿ. ನಿಮ್ಮ ಮಗಳೇ ತಾನೆ?”

ಹಾಸಿಗೆಯ ಮೇಲೆ ಮಗು ಕಣ್ಣು ಬಿಟ್ಟಿತ್ತು. ಕೈಗೆ ಡ್ರಿಪ್ ಚುಚ್ಚಿತ್ತು. ಹರಕೆ ಮುಗಿಯಲು ಇನ್ನು ಐದು ತಿಂಗಳಿತ್ತು. ಬೇರೆ ಯಾವ ದಿನವಾಗಿದ್ದರೂ ರಾಧಾ ಹೌದೆನ್ನುತ್ತಿದ್ದಳೇನೋ. ಇವತ್ತು, ಆ ಕರೆದೊಯ್ಯಲು ಬಂದವನು ಇದೇ ಕೋಣೆಯ ಬಾಗಿಲಲ್ಲಿ ನಿಂತು ಕಿವಿಗೊಟ್ಟಿರುವ ಈ ದಿನ, ಹೇಗೆ ಹೇಳುವುದು?

“ನಮ್ಮನೇ ಮಗು,” ಎಂದಳು.

“ಹಂಗಲ್ಲಮ್ಮ. ನೀವು ತಾಯೀನಾ?”

“ಅಲ್ಲ... ಅದು...”

“ಮತ್ತೆ ತಾಯಿ ಎಲ್ಲಿ?”

ಉತ್ತರ ಹಾಸಿಗೆಯಿಂದ ಬಂತು. ತುಂಬ ಮೆಲ್ಲಗೆ, ದೊಡ್ಡವರು ತಡವರಿಸುವಾಗ ಸಹಾಯಕ್ಕೆ ಬರುವ ಮಗುವಿನ ದನಿಯಲ್ಲಿ. “ನನಗೆ ತಾಯಿ ಇಲ್ಲ ಸಿಸ್ಟರ್. ನನ್ನ ತಿಪ್ಪೇಲಿ ಎತ್ಕೊಂಡಿದ್ದು. ಅವರನ್ನ ಬೈಬೇಡಿ.”

ಆಟದ ಕುಣಿತವಿರಲಿಲ್ಲ ಆ ಮಾತಿನಲ್ಲಿ. ಎಂದೋ ತಿಳಿದುಕೊಂಡು, ಎಂದೋ ಅತ್ತು ಮುಗಿಸಿದ ಸಂಗತಿಯನ್ನು ಹೇಳುವ ಹಾಗೆ ಹೇಳಿ, ಅದು ಗೋಡೆಯ ಕಡೆ ತಿರುಗಿತು.

ರಾಧಾಳೊಳಗೆ ಏನೋ ಕಿತ್ತು ಬಂತು. “ನನ್ನ ಮಗಳು!” ಎಂದು ಕೂಗಿದಳು. “ನನ್ನ ಮಗಳು ಸಿಸ್ಟರ್, ನಾನೇ ಹೆತ್ತಿದ್ದು! ನನ್ನ ಮಗಳು! ಗಂಗಮ್ಮ ತಾಯಿ, ಬೇಕಾದ್ರೆ ನನ್ನ ತಗೋ, ಇವಳು ನನ್ನ ಮಗಳು!” ಪಕ್ಕದ ಹಾಸಿಗೆಯವರು ಎದ್ದು ಕೂತರು. ಶೋಭಾರಾಣಿ ಗಾಬರಿಯಾಗಿ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ ನೀರು ಕೊಟ್ಟಳು. ಹೆದರಿದ ಹೆಂಗಸು ಎಂದುಕೊಂಡಳೇ ಹೊರತು ಏನೂ ಕೇಳಲಿಲ್ಲ.

ಮಗುವಿಗೇನೂ ಆಗಲಿಲ್ಲ. ಬಂದವನು, ಬಂದಿದ್ದರೆ, ತಾಯಿಯ ನಿಜವನ್ನೂ ಕೇಳಿಸಿಕೊಂಡು ಹಾಗೆಯೇ ಹೊರಟುಹೋದ. ಐದನೆಯ ದಿನ ಮನೆಗೆ ಕರೆತಂದರು. ಮುನಿಯಲ್ಲಮ್ಮನಿಗೆ ಎಲ್ಲ ತಿಳಿಯಿತು. ಬೈಯಲಿಲ್ಲ. ತಲೆಗೆ ನೀರು ಹಾಕಿಕೊಂಡು, ಒದ್ದೆ ಸೀರೆಯಲ್ಲೇ ಗಂಗಮ್ಮನ ಗುಡಿಗೆ ಹೋಗಿ ತಪ್ಪುಕಾಣಿಕೆ ಹಾಕಿ ಬಂದಳು. ಬಂದವಳು ಮೊಮ್ಮಗಳನ್ನು ತೊಡೆಯ ಮೇಲೆ ಎಳೆದುಕೊಂಡು ಮೊದಲ ಸಲ “ಅರ್ಪಿತಾ” ಎಂದಳು. ಆ ಹೆಸರನ್ನು ಪರರ ಮನೆಯ ಪಾತ್ರೆಯ ಹಾಗೆ ಜೋಪಾನವಾಗಿ ಆಡಿದಳು.

ಊರೂ ಬದಲಾಯಿತು. ಸಾವಿನ ಹತ್ತಿರ ಹೋಗಿ ಬಂದ ಮಗು ಎಂದು ಕನಿಕರ. ಆವಲಮ್ಮ ಅಂಜಿಯ ಕಿವಿ ಹಿಂಡಿದಳು. ಗಂಗುಲಪ್ಪ ಕೂಡ ಬೀದಿಯಲ್ಲಿ ನಿಂತು “ಅಪ್ಪೀತಮ್ಮ, ಜ್ವರ ವಾಸಿ ಆಯ್ತಾ?” ಎಂದು ಕೇಳಿದ. ರಾಧಾ ಅಷ್ಟು ಬೇಡಿದ್ದು ಕೇಳದೆಯೇ ಸಿಕ್ಕಿತು. ಮಗು ಎಲ್ಲರಿಗೂ “ಹೂಂ” ಎಂದು ಸಭ್ಯವಾಗಿ ಉತ್ತರಿಸಿತು. ಸೋಪು ಉಜ್ಜುವುದನ್ನೂ ಬಿಟ್ಟಿತು.

ಬೇರೆಯದೇ ಒಂದು ಶುರುವಾಗಿತ್ತು. ತಿಂಡಿಗೆ ಮುಂಚೆ “ತಗೊಳ್ಳಲಾ?” ಎಂದು ಕೇಳುತ್ತಿತ್ತು. ಕೇಳದೆಯೇ ಕೊಟ್ಟಿಗೆ ಗುಡಿಸುತ್ತಿತ್ತು. ಹೊಸ ಲಂಗ ತಂದರೆ, “ಹಳೇದೇ ಚೆನ್ನಾಗೈತೆ, ನನಗ್ಯಾಕೆ?” ಎನ್ನುತ್ತಿತ್ತು. ಎಷ್ಟು ಒಳ್ಳೆಯ ಮಗು ಎಂದು ನೆಂಟರು ಹೊಗಳಿದರು.

ಒಂದು ಭಾನುವಾರ ಮಧ್ಯಾಹ್ನ ರಾಧಾ ಅವಳನ್ನು ನಡುಮನೆಯಲ್ಲಿ ಎದುರಿಗೆ ಕೂರಿಸಿಕೊಂಡಳು. ಹೋದ ಇಬ್ಬರು ಗಂಡುಮಕ್ಕಳ ಕಥೆ, ಅಜ್ಜಿಯ ಭಯ, ಬಾಗಿಲಲ್ಲಿ ತಾನು ಹೇಳಿದ ಮಾತು, ಎಲ್ಲವನ್ನೂ ಬಿಡಿಸಿ ಹೇಳಿದಳು. “ಅದೆಲ್ಲ ಸುಳ್ಳು ಬಂಗಾರ. ನಿನ್ನ ಉಳಿಸ್ಕೊಳೋಕೆ ಆಡಿದ ಸುಳ್ಳು.”

ಮಗು ಗಮನವಿಟ್ಟು ಕೇಳಿತು. “ಅವಾಗ ಸುಳ್ಳು ಹೇಳಿದ್ಯಾ, ಇಲ್ಲ ಈಗ ಹೇಳ್ತಿದೀಯಾ?” ಎಂದಿತು. ಕೆಣಕುವ ದನಿಯಲ್ಲಲ್ಲ, ತಿಳಿಯಬೇಕೆಂದು.

ರಾಧಾ ಸೆರಗು ಸರಿಸಿ, ಹೊಟ್ಟೆಯ ಕೆಳಗಿನ ಆಪರೇಷನ್ನಿನ ಗುರುತನ್ನು ತೋರಿಸಿದಳು. “ಇಲ್ಲಿ ಕೊಯ್ದು ನಿನ್ನ ತೆಗೆದಿದ್ದು. ಇಲ್ನೋಡು.”

ಮಗು ಬಾಗಿ ಆ ಗೀರನ್ನು ಬೆರಳಿನಿಂದ ಈ ತುದಿಯಿಂದ ಆ ತುದಿಗೆ ಸವರಿ ನೋಡಿತು. “ಇದು ಹೋದ ಅಣ್ಣಂದಿರದ್ದಿರಬಹುದು,” ಎಂದಿತು.

ರಾಧಾಳ ಕಣ್ಣಿಂದ ನೀರು ತಾನೇ ಇಳಿಯಿತು. ಮಗು ಹೆದರಿತು. ಹತ್ತಿರ ಸರಿದು, ಅವಳ ಸೆರಗನ್ನು ಸರಿಯಾಗಿ ಹೊದಿಸಿ, ತನ್ನ ಲಂಗದ ಅಂಚಿನಿಂದ ಅವಳ ಕೆನ್ನೆ ಒರೆಸಿತು.

“ಅಳಬೇಡಮ್ಮ,” ಎಂದಿತು. “ನಾನೇನು ಎಲ್ಲೂ ಹೋಗಲ್ಲ. ನಿಮ್ಮನೇಲೇ ಇರ್ತೀನಿ.”