ಬೈರಯ್ಯ ಕಾಯ್ದ ಒಲೆ

ಬೈರಯ್ಯನನ್ನು ಗುಂಡಿಗೆ ಇಳಿಸಿ ಹಗ್ಗ ಮೇಲೆಳೆದುಕೊಳ್ಳುತ್ತಿರುವಾಗ ಹಾಸನದ ಕಾಲೇಜಿನ ಗುಮಾಸ್ತ ರವೀಶ್ ಹಾರ ಹಿಡಿದು ಏದುಸಿರು ಬಿಡುತ್ತ ಬಂದ.

"ನಿಮ್ಮಪ್ಪಂಗೆ ಏನೂ ಕಮ್ಮಿ ಮಾಡಿಲ್ಲ ಕಣಮ್ಮ," ಎಂದ ಯಶೋಧರಾಳಿಗೆ. "ಅಟೆಂಡರ್ ಸತ್ರೆ ಯಾವ್ ಕಾಲೇಜು ರಜಾ ಕೊಡ್ತದೆ? ಲ್ಯಾಬಿಗೆಲ್ಲ ಬೀಗ. ಮೇನ್ ಸ್ವಿಚ್ಚೂ ಆರಿಸ್ಬಂದೆ."

"ಫರ್ನೇಸಿಂದೂ?"

"ಸಾವಿನ್ ದಿನ ಒಲೆ ಉರೀಬಾರ್ದಲ್ವಾ?"

*

ಬೈರಯ್ಯನೂ ಲ್ಯಾಬಿನ ಆ ಕರೆಂಟಿನ ಕುಲುಮೆಯನ್ನು ಒಲೆ ಅಂತಲೇ ಕರೆಯುತ್ತಿದ್ದದ್ದು. ಒಳಗೊಂದು ಗಾಜಿನ ಕೊಳವೆ, ಕೊಳವೆಯೊಳಗೆ ಮಗಳ ಪಿಎಚ್‌ಡಿ. ವಾರಗಟ್ಟಲೆ ಕಾಯಿಸಿ, ವಾರಗಟ್ಟಲೆ ತಣಿಸಿದರೆ ಅಭ್ರಕದ ಹಾಗೆ ಪದರ ಬಿಚ್ಚುವ ಹರಳು. ದಿಢೀರನೆ ತಣಿದರೆ ಬರೀ ಪುಡಿ. ಕರೆಂಟು ಹೋದರೆ ಓಡಿಹೋಗಿ ಜನರೇಟರ್ ಹಾಕುವವನು ಅವನೇ.

"ಅಂಥಾದ್ದೇನವ್ವ ಅದ್ರಾಗೆ?"

"ಒಂದೊಂದು ಪದರಾನೂ ಅಯಸ್ಕಾಂತ ಅಪ್ಪ. ಮೇಲಿನ್ದು ಒಂದ್ ಕಡೆ ತಿರುಗಿದ್ರೆ ಕೆಳಗಿನ್ದು ಅದಕ್ಕೆ ಉಲ್ಟಾ. ಹೊರಗಿಂದ ನೋಡಿದ್ರೆ ಅಯಸ್ಕಾಂತಾನೇ ಅಲ್ಲ ಅನ್ಸುತ್ತೆ. ಕರೆಂಟು ಎಷ್ಟು ಹರೀತದೆ ಅನ್ನೋದೂ ಅವು ತಿರುಗಿರೋದ್ರ ಮೇಲೇ."

"ನಾನೂ ನಿಮ್ಮವ್ವನೂ ಇದ್ದಂಗೆ ಅನ್ನು."

ಬೈರಯ್ಯ ಎದೆ ಹಿಡಿದುಕೊಂಡ ದಿನವೂ ಕರೆಂಟು ಹೋಗಿತ್ತು. ಜನರೇಟರ್ ಹಾಕಿಯೇ ಆಟೋ ಹತ್ತಿದ. ಸ್ವಲ್ಪ ಮುಂಚೆ ಬಂದಿದ್ದರೆ ಎಂದರು ಡಾಕ್ಟರು.

*

"ಬೀಗದ ಕೈ?"

"ನನ್ ಜೇಬಲ್ಲೈತೆ."

"ಗಾಡಿ ತೆಗೀರಿ. ಪೂರ್ತಿ ತಣ್ದಿರಲ್ಲ ಇನ್ನೂ." ಅದನ್ನು ಮತ್ತೆ ಹದಕ್ಕೆ ತರುವುದು ಅವಳೊಬ್ಬಳಿಗೇ ಗೊತ್ತು. ಹೊಳೆನರಸೀಪುರದಿಂದ ಹಾಸನ ಅಂದರೆ ಪಕ್ಕದ ಬೀದಿಯಲ್ಲ.

ತಾಯಿ ಮಲ್ಲಿಗಮ್ಮ ಮಣಿಕಟ್ಟು ಹಿಡಿದಳು. "ಎಲ್ಲಿಗವ್ವ? ನಿನ್ ಮಣ್ಣು ಬೀಳ್ದೆ ಯಾರೂ ಆಕಂಗಿಲ್ಲ."

ಗುಂಡಿಯ ತಲೆಯ ಬಳಿ ಚಿಕ್ಕಪ್ಪ ಕೀರ್ತಿರಾಜ್ ಕಣ್ಣು ಮುಚ್ಚಿ ರಾಗವಾಗಿ ಬುದ್ಧವಂದನೆ ಹೇಳುತ್ತಿದ್ದ.

"ಚಿಕ್ಕಪ್ಪ, ಬೇಗ ಮುಗ್ಸು."

ಅವನು ಕಣ್ಣು ಬಿಡಲಿಲ್ಲ. ರಾಗ ಇನ್ನಷ್ಟು ಉದ್ದವಾಯಿತು.

"ಓದ್ದೋಳ್ನ ನೋಡ್ರವ್ವ," ಎಂದಳು ಹಿಂದಿನಿಂದ ಒಬ್ಬಳು ಮುದುಕಿ. "ಅಪ್ಪನ್ ಮಣ್ಣಿಗ್ ಬಂದು ಬಸ್ಸಿನ್ ಟೈಮ್ ನೋಡ್ತಾವ್ಳೆ."

"ಅಪ್ಪ ಸತ್ತಿದ್ದು ಆ ಒಲೆಗೋಸ್ಕರಾನೇ ಅವ್ವಾ."

"ಅದ್ಕೇ ಏಳ್ತಿರೋದು," ಎಂದಳು ಮಲ್ಲಿಗಮ್ಮ. "ಇವತ್ತೊಂದಿನ ಆರ್ಲಿ ಬುಡು."

ಮುಖದ ಮೇಲೆ ಇನ್ನೂ ಬಟ್ಟೆ ಎಳೆದಿರಲಿಲ್ಲ. ಯಶೋಧರಾ ಕೈ ಬಿಡಿಸಿಕೊಂಡು ಬಗ್ಗಿದಳು, ಬೊಗಸೆ ತುಂಬ ಮಣ್ಣು ಬಾಚಿ ಹಾಕಿಬಿಟ್ಟಳು. ಅದು ಬೈರಯ್ಯನ ತುಟಿಯ ಮೇಲೆ, ಮೂಗಿನ ಮೇಲೆ, ರೆಪ್ಪೆಗಳ ಮೇಲೆ ಬಿತ್ತು. ವಂದನೆ ನಿಂತಿತು.

ಅವಳನ್ನು ಕೂರಿಸಿಕೊಂಡ ರವೀಶನ ಬೈಕು ದಿಣ್ಣೆ ಹತ್ತಿ ರಸ್ತೆಗೆ ಬೀಳುವಷ್ಟರಲ್ಲಿ ಮಲ್ಲಿಗಮ್ಮ ಗುಂಡಿಗೆ ಇಳಿದಿದ್ದಳು. ಸೆರಗಿನ ತುದಿಗೆ ಎಂಜಲು ಹಚ್ಚಿಕೊಂಡು ಗಂಡನ ಕಣ್ಣಿನ ಮಣ್ಣು ಒರೆಸುತ್ತಿದ್ದಳು.