ಬೂದು ಅಕ್ಷರದ ಸಾಲು

"ಬ್ರೆಡಾನೇ ಹೇಳಿರೋದು. ಇನ್ಯಾರಿಗೂ ಗೊತ್ತೇ ಇರ್ಲಿಲ್ಲ" ಎಂದಳು ಸ್ಲಾವ್ಕಾ. ಹೇಳುತ್ತ ಚೆರ್ರಿ ಹಣ್ಣಿಗೆ ಕಡ್ಡಿ ಚುಚ್ಚಿದಳು. ಬೀಜ ಬಟ್ಟಲಿಗೆ ಬೀಳದೆ ಮೇಜಿನ ಮೇಲೆ ಉರುಳಿ ನೆಲಕ್ಕೆ ಹೋಯಿತು. ಅವಳ ಬಲಗೈ ಸಣ್ಣಗೆ ನಡುಗುತ್ತಿತ್ತು. ಎದುರಿಗೆ ಕುಳಿತಿದ್ದ ಅಕ್ಕ ಮಿಲೊಯ್ಕಾ ಅದನ್ನು ನೋಡಿಯೂ ನೋಡದವಳ ಹಾಗೆ ಹಣ್ಣಿನ ಬುಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡಳು.

ಸ್ಲೊವೇನಿಯಾದ ಬ್ರ್ದಾ ಗುಡ್ಡಗಳ ವೈನ್ ಸಹಕಾರ ಸಂಘದ ಪರೀಕ್ಷಾ ಕೊಠಡಿಯಲ್ಲಿ ಸ್ಲಾವ್ಕಾ ಇಪ್ಪತ್ತೆರಡು ವರ್ಷ ಕೆಲಸ ಮಾಡಿದ್ದಳು. ಯಾವ ಪೀಪಾಯಿಯಲ್ಲಿ ಹುಳಿ ಎಷ್ಟಿದೆ, ಸಕ್ಕರೆ ಎಷ್ಟಿದೆ ಎಂದು ಗಾಜಿನ ಕೊಳವೆಯಲ್ಲಿ ಹನಿ ಹನಿಯಾಗಿ ಅಳೆಯುವ ಕೆಲಸ. ಅವತ್ತು ಬೆಳಿಗ್ಗೆ ನಿರ್ದೇಶಕ ಅವಳನ್ನು ಕರೆಸಿ, ಕಾಫಿ ಕೊಟ್ಟು, ನಿಮ್ಮ ಆರೋಗ್ಯ ನಮಗೆ ಮುಖ್ಯ ಎಂದು ಶುರುಮಾಡಿದ್ದ. ಕಾಫಿ ಮುಗಿಯುವಷ್ಟರಲ್ಲಿ ಅವಳನ್ನು ಲೇಬಲ್ ಇಡುವ ಗೋದಾಮಿಗೆ ಹಾಕಿಯಾಗಿತ್ತು. ಅವಳ ಜಾಗಕ್ಕೆ ಪಕ್ಕದ ಮೇಜಿನ ಬ್ರೆಡಾ. ಸ್ಲಾವ್ಕಾ ತನ್ನ ಕೈಯ ವಿಷಯ ಹೇಳಿಕೊಂಡದ್ದು ಇಬ್ಬರಿಗೇ, ಅಕ್ಕನಿಗೆ ಮತ್ತು ಬ್ರೆಡಾಳಿಗೆ. ಎದೆಯ ಆಪರೇಷನ್ ಆಗಿ ಮನೆಯಲ್ಲಿ ಕುಳಿತಿದ್ದ ಗಂಡ ರಾದೊನಿಗೂ ಹೇಳಿರಲಿಲ್ಲ.

"ಪಾರ್ಕಿನ್ಸನ್ ಅಂತ ಡಾಕ್ಟರೇ ಇನ್ನೂ ಹೇಳಿಲ್ಲ. ಈ ಮನುಷ್ಯ ಹೇಳ್ಬಿಟ್ಟ" ಎಂದಳು. "ಅವನ ಮುಂದೆ ಒಂದು ಕಾಗದ ಇತ್ತು ಅಕ್ಕ. ಮಂಗಳವಾರ ಹನ್ನೆರಡೂಕಾಲು, ಗುರುವಾರ ಹನ್ನೆರಡೂವರೆ, ಹಾಗೆ. ನಾನು ಊಟದ ಹೊತ್ತಲ್ಲಿ ಆ ಕಾಯಿಲೆ ಬಗ್ಗೆ ಓದ್ತಿದ್ದ ದಿನಗಳು. ಪಕ್ಕದಲ್ಲಿ ಕೂತ್ಕೊಂಡು ಬರ್ಕೊಂಡಿದಾಳೆ."

ಮಿಲೊಯ್ಕಾಳ ಕೈ ನಿಂತಿತು. ಎಲ್ಲಿ ಓದುತ್ತಿದ್ದೆ ಎಂದು ಕೇಳಿದಳು, ಉತ್ತರ ಬೇಡವೆನ್ನುವಷ್ಟು ಮೆಲ್ಲಗೆ.

"ಆಫೀಸಿನ ಕಂಪ್ಯೂಟರಲ್ಲೇ. ಮನೇಲಿ ಓದಿದ್ರೆ ರಾದೊ ಹೆಗಲ ಮೇಲೇ ಇರ್ತಾನೆ. ಆದ್ರೆ ಓದಿದ್ದು ನಿನ್ನ ಮುಳ್ಳುಹಂದಿ ಬ್ರೌಸರಲ್ಲಿ, ಅದೂ ಗುಟ್ಟಿನ ಕಿಟಕೀಲಿ. ಅಲ್ಲಿಂದ ಯಾರಿಗೂ ಗೊತ್ತಾಗಲ್ಲ ಅಂತ ನೀನೇ ಬರ್ದಿದೀಯಲ್ಲ."

ಹೌದು, ಬರೆದಿದ್ದಳು.

ನೊವಾ ಗೊರಿಟ್ಸಾದ ಪತ್ರಿಕೆಯೊಂದರಲ್ಲಿ ಮೂವತ್ತು ವರ್ಷ ಕರಡು ತಿದ್ದಿ ನಿವೃತ್ತಳಾದವಳು ಮಿಲೊಯ್ಕಾ. ಸ್ಲೊವೇನಿಯನ್ ಭಾಷೆಯ ಮೇಲೆ ಅವಳಿಗೆ ಮಕ್ಕಳ ಮೇಲಿರುವಂಥ ಮಮತೆ, ಅಂಥದೇ ಸಿಟ್ಟು. ಊರಿನವರು ಅರ್ಜಿಯಿಂದ ಹಿಡಿದು ಸಾವಿನ ಪ್ರಕಟಣೆಯವರೆಗೆ ಎಲ್ಲವನ್ನೂ ಅವಳ ಕೆಂಪು ಪೆನ್ಸಿಲಿಗೆ ಒಪ್ಪಿಸಿ ಹೋಗುತ್ತಿದ್ದರು. ಕೆಲಸ ಬಿಟ್ಟ ಮೇಲೆ ಸುಮ್ಮನೆ ಕೂರಲಾಗದೆ ಆ ಬ್ರೌಸರನ್ನು ಸ್ಲೊವೇನಿಯನ್ನಿಗೆ ತರುವ ಗುಂಪಿಗೆ ಸೇರಿದಳು. ನಾವು ನಿಮ್ಮನ್ನು ಹಿಂಬಾಲಿಸುವುದಿಲ್ಲ, ನಿಮ್ಮದನ್ನು ಮಾರುವುದಿಲ್ಲ ಎಂದು ಹೇಳಿಕೊಳ್ಳುವ ಬ್ರೌಸರ್ ಅದು. ಹೆಸರು ಏನೋ ಇತ್ತು, ಗುರುತಿಗೆ ಒಂದು ಮುಳ್ಳುಹಂದಿಯ ಚಿತ್ರ, ಊರಲ್ಲೆಲ್ಲ ಮುಳ್ಳುಹಂದಿಯೆಂದೇ ಅದಕ್ಕೆ ಹೆಸರಾಯಿತು. ಗುಂಪು ಎಂದರೆ ಮೂರು ಜನ. ಒಬ್ಬನಿಗೆ ಮದುವೆಯಾಯಿತು, ಒಬ್ಬನಿಗೆ ಬೇಸರವಾಯಿತು, ಮಿಲೊಯ್ಕಾ ಉಳಿದಳು.

ಗುಟ್ಟಿನ ಕಿಟಕಿ ತೆರೆದರೆ ಮೊದಲು ಕಾಣುವ ಪುಟವೂ ಅವಳದೇ. ಇಂಗ್ಲಿಷಿನಲ್ಲಿ ಮೇಲೆ ದಪ್ಪಕ್ಷರದಲ್ಲಿ ಒಂದು ಮಾತಿತ್ತು, ನೀವೀಗ ಮರೆಯಲ್ಲಿದ್ದೀರಿ ಎಂದು. ಕೆಳಗೆ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ ಇನ್ನೊಂದು: ನೀವು ನೋಡಿದ ತಾಣಗಳು ಈ ಕಂಪ್ಯೂಟರಿನಲ್ಲಿ ಉಳಿಯುವುದಿಲ್ಲ, ಆದರೆ ನಿಮಗೆ ಕೆಲಸ ಕೊಟ್ಟವರಿಗೂ ಇಂಟರ್ನೆಟ್ ಒದಗಿಸುವವರಿಗೂ ಅವು ಕಾಣಬಹುದು. ಸ್ಲೊವೇನಿಯನ್ನಿನಲ್ಲಿ ಅದು ಇನ್ನೂ ಉದ್ದವಾಯಿತು. ಫೋನಿನಲ್ಲಿ ನೋಡಿದರೆ ಸಾಲು ಅದಕ್ಕೆಂದು ಬಿಟ್ಟಿದ್ದ ಪೆಟ್ಟಿಗೆಯಿಂದ ಹೊರಗೆ ಚಾಚಿ, ಮಾತು ಅರ್ಧಕ್ಕೇ ತುಂಡಾಗುತ್ತಿತ್ತು. ಅಂಥ ಅವಲಕ್ಷಣವನ್ನು ಅವಳು ಜನ್ಮದಲ್ಲಿ ಸಹಿಸಿದವಳಲ್ಲ. ಎರಡು ದಿನ ಒದ್ದಾಡಿದಳು. ಮೂರನೆಯ ದಿನ ಕತ್ತರಿಸಿ ಹೀಗೆ ಬರೆದಳು: ಇಲ್ಲಿ ನೀವು ನೋಡುವುದು ನಿಮಗೆ ಮಾತ್ರ ಗೊತ್ತು. ಪೆಟ್ಟಿಗೆಯಲ್ಲಿ ಸರಿಯಾಗಿ ಕೂತಿತು. ಎಷ್ಟು ಚೊಕ್ಕಟವಾಗಿದೆ ಎಂದು ಹಿಗ್ಗಿ, ಆ ಭಾನುವಾರ ತಂಗಿಗೂ ತೋರಿಸಿದ್ದಳು. ಆಫೀಸಿನ ಕಂಪ್ಯೂಟರಿಗೂ ಹಾಕಿಕೋ ಎಂದು ಹೇಳಿದವಳೂ ಅವಳೇ.

ಈಗ ಆ ಚೊಕ್ಕಟ ಸಾಲು ಅವಳಿಗೆ ನೆನಪಾಯಿತು. ನಿರ್ದೇಶಕನ ಕಾಗದ ಬ್ರೆಡಾ ಬರೆದುಕೊಟ್ಟದ್ದಲ್ಲ, ಯಾರು ಯಾವಾಗ ಯಾವ ತಾಣ ನೋಡಿದರೆಂದು ಸಂಘದ ಯಂತ್ರ ತಾನಾಗಿ ಬರೆದಿಟ್ಟದ್ದು. ಅದನ್ನು ಆಗಲೇ ಹೇಳಿಬಿಡಬೇಕಿತ್ತು. ನಾಲಿಗೆ ತುದಿಗೂ ಬಂದಿತ್ತು. ಆದರೆ ಅವಳು ಕೇಳಿದ್ದು, ಜಾಮಿಗೆ ಸಕ್ಕರೆ ಈಗಲೇ ಹಾಕಲೇ ಎಂದು.

ಸ್ಲಾವ್ಕಾ ಹೋದ ಕೂಡಲೇ ಕಂಪ್ಯೂಟರ್ ತೆರೆದು ಬೂದು ಸಾಲನ್ನು ಪೂರ್ತಿಯಾಗಿ ಮತ್ತೆ ಬರೆದಳು. ಪೆಟ್ಟಿಗೆಯಿಂದ ಚಾಚಿದರೆ ಚಾಚಲಿ. ಬ್ರೌಸರಿನವರಿಗೆ ಉದ್ದದ ಪತ್ರ ಹಾಕಿದಳು. ನಾಲ್ಕು ದಿನಕ್ಕೆ ಉತ್ತರ ಬಂತು, ತುಂಬ ನಯವಾದ ಉತ್ತರ. ಬಳಕೆದಾರರ ನಂಬಿಕೆಯೇ ನಮ್ಮ ಬುನಾದಿ, ನಿಮ್ಮ ಭಾಷೆ ನಮ್ಮಲ್ಲಿ ಯಾರಿಗೂ ಬಾರದ ಕಾರಣ ಪರಿಶೀಲಿಸಲಾಗಲಿಲ್ಲ, ಮುಂದಿನ ಆವೃತ್ತಿಯಲ್ಲಿ ಸರಿಹೋಗುತ್ತದೆ, ಧನ್ಯವಾದ. ಬೈದಿದ್ದರಾದರೂ ಎಷ್ಟೋ ವಾಸಿಯಿತ್ತು.

ತಂಗಿಗೆ ಮಾತ್ರ ಹೇಳಲಿಲ್ಲ. ಇವತ್ತು ಅವಳ ಮನಸ್ಸು ಸರಿಯಿಲ್ಲ, ನಾಳೆ ಡಾಕ್ಟರ ಹತ್ತಿರ ಹೋಗುವವಳಿದ್ದಾಳೆ, ಭಾನುವಾರ ರಾದೊ ಜೊತೆಗಿರುತ್ತಾನೆ. ಹೇಳದಿರಲು ದಿನಕ್ಕೊಂದು ಕಾರಣ ತಾನಾಗಿಯೇ ಹುಟ್ಟುತ್ತಿತ್ತು. ಅಷ್ಟರಲ್ಲಿ ಸ್ಲಾವ್ಕಾ ಬ್ರೆಡಾಳ ಜೊತೆ ಮಾತು ಬಿಟ್ಟಳು, ಸಂಘದ ಹೆಂಗಸರೂ ಒಬ್ಬೊಬ್ಬರಾಗಿ ಬಿಟ್ಟರು. ಬ್ರೆಡ್ ಅಂಗಡಿಯ ಸಾಲಿನಲ್ಲಿ ಬ್ರೆಡಾ ಒಮ್ಮೆ ಮಿಲೊಯ್ಕಾಳ ತೋಳು ಹಿಡಿದು, ಅಕ್ಕನಾಗಿ ನೀವಾದರೂ ಅವಳಿಗೆ ಒಂದು ಮಾತು ಹೇಳಿ ಎಂದು ಕೇಳಿಕೊಂಡಳು. ನೋಡೋಣ ಎಂದಳು ಮಿಲೊಯ್ಕಾ. ಮನೆಗೆ ಬಂದು ಬ್ರೆಡ್ಡಿನ ಚೀಲವನ್ನೂ ಕೆಳಗಿಡದೆ ಕುಳಿತಳು. ತನ್ನ ಮೇಲೆ ತನಗೇ ಹೇಸಿಗೆಯಾಗುತ್ತಿತ್ತು.

ಮೂರು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಸ್ಲಾವ್ಕಾ ಪತ್ರವೊಂದನ್ನು ತಂದು ಅಕ್ಕನ ಮುಂದಿಟ್ಟಳು, ತಪ್ಪಿದ್ದರೆ ತಿದ್ದಿಕೊಡು ಎಂದು. ಬ್ರೆಡಾಳ ಮಗಳಾದ ಆಯ್ದಾಳಿಗೆ ಬರೆದ ಪತ್ರ. ಆಯ್ದಾಳ ಜ್ಞಾನಸ್ನಾನದ ದಿನ ಅವಳನ್ನು ಎತ್ತಿಕೊಂಡು ಧರ್ಮಮಾತೆಯಾಗಿ ನಿಂತವಳು ಸ್ಲಾವ್ಕಾ. ಆಗಸ್ಟಿನಲ್ಲಿ ಆ ಹುಡುಗಿಯ ಮದುವೆ. ನಿನ್ನ ತಾಯಿ ನನಗೆ ಮಾಡಿದ ದ್ರೋಹದ ನಂತರ ನಾನು ನಿನ್ನ ಮದುವೆಗೆ ಬರಲಾರೆ, ಎಂದು ಶುರುವಾಗಿತ್ತು. ಅಕ್ಷರಗಳು ನಡುಗಿ ಸಾಲಿನಿಂದ ಸಾಲಿಗೆ ಕಿರಿದಾಗುತ್ತ ಹೋಗಿದ್ದವು. ಮಿಲೊಯ್ಕಾ ಪೆನ್ಸಿಲ್ ಎತ್ತಿಕೊಂಡಳು. ಒಂದು ಅಲ್ಪವಿರಾಮ ಬಿಟ್ಟುಹೋಗಿತ್ತು, ಅದನ್ನು ಹಾಕಿದಳು. ಆಮೇಲೆ ಪೆನ್ಸಿಲ್ ಕೆಳಗಿಟ್ಟಳು.

"ಇದನ್ನ ಕಳಿಸ್ಬೇಡ ಸ್ಲಾವ್ಕಾ."

"ಯಾಕೆ, ತಪ್ಪಿದೆಯಾ?"

"ತಪ್ಪು ಬ್ರೆಡಾಳದ್ದಲ್ಲ ಕಣೇ. ನಂದು."

ಹೇಳಿದಳು. ಪೆಟ್ಟಿಗೆ, ಬೂದು ಅಕ್ಷರ, ಕತ್ತರಿಸಿದ್ದು, ಯಾರಿಗೂ ತಿಳಿಯದ ಹಾಗೆ ಮತ್ತೆ ಸೇರಿಸಿದ್ದು, ಎಲ್ಲವನ್ನೂ. ಸ್ಲಾವ್ಕಾ ನಡುಗುವ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಕೇಳಿದಳು. ಮುಗಿದ ಮೇಲೆ, ನಿನಗೆ ಗೊತ್ತಾದದ್ದು ಯಾವಾಗ ಎಂದಳು. ಅವತ್ತೇ, ಚೆರ್ರಿ ಬಿಡಿಸುತ್ತಿದ್ದಾಗಲೇ, ಎಂದಳು ಮಿಲೊಯ್ಕಾ. ಸ್ಲಾವ್ಕಾ ಪತ್ರವನ್ನು ತನ್ನ ಕಡೆಗೆ ಎಳೆದುಕೊಂಡಳು. ಅದನ್ನು ನೋಡಲಾಗದೆ ಮಿಲೊಯ್ಕಾ ಇನ್ನಷ್ಟು ಮಾತಾಡಿದಳು.

"ಆ ಬ್ರೌಸರಿನವರೂ ಏನು ಸಾಚಾ ಅಲ್ಲ ಕಣೇ. ಮರೆಯಲ್ಲಿದ್ದೀರಿ ಅನ್ನೋದನ್ನ ಇಷ್ಟು ದಪ್ಪಗೆ ಬರೀತಾರೆ, ಕೆಳಗಿನ ‘ಆದರೆ’ ಅನ್ನೋದನ್ನ ಕಣ್ಣಿಗೆ ಕಾಣದ ಹಾಗೆ ಇಡ್ತಾರೆ. ಅಂಥವರನ್ನ ನಂಬಿದ್ದೇ..."

"ಅವರನ್ನ ಯಾರು ನಂಬಿದ್ರು?" ಎಂದಳು ಸ್ಲಾವ್ಕಾ. "ಅವರು ಯಾರು ಅಂತ್ಲೂ ನಂಗೆ ಗೊತ್ತಿಲ್ಲ. ನಿನ್ನ ನಂಬಿದ್ದೆ ಅಕ್ಕ."

ಪತ್ರವನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು, ಏಳು ಎಂದಳು.

ಬ್ರೆಡಾಳ ಮನೆ ಚರ್ಚಿನ ಹಿಂದೆ, ನಡೆದರೆ ಹತ್ತು ನಿಮಿಷ. ದಾರಿಯುದ್ದಕ್ಕೂ ಸ್ಲಾವ್ಕಾ ನಾಲ್ಕು ಹೆಜ್ಜೆ ಮುಂದೆಯೇ ಇದ್ದಳು. ಗಂಟೆ ಒತ್ತಿ, ನೀನೇ ಹೇಳು ಎಂದು ಪಕ್ಕಕ್ಕೆ ನಿಂತಳು. ಬ್ರೆಡಾ ಬಾಗಿಲು ತೆರೆದು, ಒಂದು ಕೈಯನ್ನು ಚೌಕಟ್ಟಿನ ಮೇಲೆ ಅಡ್ಡವಿಟ್ಟು ನಿಂತಳು. ಮಿಲೊಯ್ಕಾ ಎರಡನೆಯ ಸಲ ಎಲ್ಲವನ್ನೂ ಹೇಳಿದಳು, ಈ ಸಲ ಹೊಸಿಲಿನ ಆಚೆ ನಿಂತು. ಬ್ರೆಡ್ ಅಂಗಡಿಯಲ್ಲಿ ನೋಡೋಣ ಎಂದದ್ದನ್ನೂ ಬಿಡಲಿಲ್ಲ. ಬ್ರೆಡಾ ಅವಳ ಕಡೆ ನೋಡುತ್ತಲೇ ಇರಲಿಲ್ಲ.

"ನಾನಲ್ಲ ಅಂತ ಮೂರು ಸಲ ಹೇಳ್ದೆ ನಿಂಗೆ" ಎಂದಳು ಸ್ಲಾವ್ಕಾಳಿಗೆ.

"ಹೇಳ್ದೆ."

"ಫೋನೂ ಎತ್ಲಿಲ್ಲ."

"ಎತ್ಲಿಲ್ಲ" ಎಂದಳು ಸ್ಲಾವ್ಕಾ. ಅವಳ ಕೈ ಈಗ ಮುಚ್ಚಿಡಲಾಗದಷ್ಟು ನಡುಗುತ್ತಿತ್ತು. ಬ್ರೆಡಾ ಅದನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಚೌಕಟ್ಟಿನಿಂದ ಕೈ ತೆಗೆದು, ಬಾಗಿ, ಬಂದವರು ಒಳಗೆ ಹಾಕಿಕೊಳ್ಳುವ ಬಟ್ಟೆ ಚಪ್ಪಲಿಗಳ ಗೂಡಿನಿಂದ ಸವೆದ ನೀಲಿ ಜೋಡಿಯೊಂದನ್ನು ಎಳೆದು ಹೊಸಿಲ ಒಳಗಿಟ್ಟಳು. ಇಷ್ಟು ವರ್ಷವೂ ಆ ಮನೆಯಲ್ಲಿ ಸ್ಲಾವ್ಕಾಳ ಕಾಲಿಗೆ ಇದ್ದ ಜೋಡಿ ಅದು. ಇಟ್ಟವಳು ಹಾಗೇ ಅಡುಗೆಮನೆಗೆ ಹೋದಳು.

ಸ್ಲಾವ್ಕಾ ಗೋಡೆ ಹಿಡಿದು ಬೂಟು ಕಳಚಿ ಒಳಗೆ ಕಾಲಿಟ್ಟಳು. ಗೂಡಿನಲ್ಲಿ ಇನ್ನೂ ನಾಲ್ಕೈದು ಜೋಡಿ ಇದ್ದವು. ಮಿಲೊಯ್ಕಾ ತನ್ನ ಬೂಟಿನ ಲೇಸನ್ನು ಆಗಲೇ ಬಿಚ್ಚಿಕೊಂಡಿದ್ದಳು. ಒಳಗೆ ನಲ್ಲಿ ತಿರುಗಿಸಿದ ಸದ್ದು, ಕಾಫಿಯ ಪಾತ್ರೆ ಒಲೆಯ ಮೇಲೆ ಕುಳಿತ ಸದ್ದು ಕೇಳಿಸಿತು. ತನಗೂ ಒಂದು ಜೋಡಿ ಬಂದೀತೆಂದು ಸ್ವಲ್ಪ ಹೊತ್ತು ಕಾದು, ಮಿಲೊಯ್ಕಾ ಬಗ್ಗಿ ಲೇಸನ್ನು ಮತ್ತೆ ಕಟ್ಟಿಕೊಂಡಳು.